ಅಕ್ಕಿ ಮುಡಿಯೊಳಗಿನ ಕೆಂಪು ವೈನ್

ನನ್ನ ಗಂಡನಿಗೆ ವಾಸನೆ ತಿಳಿಯುತ್ತಿಲ್ಲ ಎಂಬುದು ಅವರು ಬಾಯಿಬಿಟ್ಟು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು. ಸಂಶಯ ಶುರುವಾದದ್ದು ಬಂಗುಡೆಯಿಂದ. ಹಡಗಿನಿಂದ ರಜೆಗೆ ಬಂದಾಗಲೆಲ್ಲ, ಮೀನಿನ ಹೆಂಗಸು ಬುಟ್ಟಿ ಇಳಿಸಿದ ಕೂಡಲೇ ಇವರು ತಾವೇ ಎದ್ದು ಹೋಗಿ, ಒಂದು ಬಂಗುಡೆಯ ಕಿವಿರು ಎತ್ತಿ ಮೂಗಿಗೆ ಹಿಡಿದು, "ಇದ್ ನಿನ್ನೆದ್. ನಿನ್ನೆ ಕತಿ ನಂಗೆ ಬೇಡ" ಎನ್ನುವವರು. ಅವಳೂ ಬಿಡುತ್ತಿರಲಿಲ್ಲ. "ನಿಮ್ಮ್ ಮೂಗಿಗೆ ಸಮುದ್ರದೊಳಗೇ ಹಳತ್ ಆತ್ತ್ ಒಡೆಯ, ನಾನ್ ಎಂತ ಮಾಡುದ್" ಎಂದು ನಗುತ್ತಿದ್ದಳು. ಆ ವರ್ಷ ಮಾತ್ರ ಇವರು ಜಗಲಿಯ ಕುರ್ಚಿಯಿಂದ ಏಳಲಿಲ್ಲ. "ಯಾವ್ದಾರೂ ಕೊಟ್ಟ್ ಹೋಗ್" ಎಂದರು. ಅವಳು ನನ್ನ ಮುಖ ನೋಡಿದಳು. ನಾನು ಬುಟ್ಟಿಯೊಳಗೆ ನೋಡಿದೆ.

ಅರವತ್ತರ ದಶಕ ಮುಗಿಯುತ್ತ ಬಂದ ಕಾಲ. ನಮ್ಮ ಮನೆ ಕುಂದಾಪುರದಿಂದ ಮರವಂತೆಗೆ ಹೋಗುವ ದಾರಿಯಲ್ಲಿ, ಸಮುದ್ರ ಮೊರೆಯುವುದು ಕೇಳಿಸುವಷ್ಟು ಹತ್ತಿರ. ಇವರು ಸರಕು ಹಡಗಿನಲ್ಲಿ ಅಧಿಕಾರಿಗಳ ಊಟದ ಕೋಣೆಯ ಬಟ್ಲರ್. ಚಡ್ಡಿ ಹಾಕುವ ವಯಸ್ಸಿನಲ್ಲಿ ಬೊಂಬಾಯಿಗೆ ಹೋಗಿ, ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಹಡಗು ಹತ್ತಿ, ಒಂದೊಂದೇ ಮೆಟ್ಟಿಲು ಮೇಲೆ ಬಂದವರು. ಆ ಸಲ ದೀಪಾವಳಿಗೆ ಮುಂಚೆ ಬೊಂಬಾಯಿಯಲ್ಲಿ ದೊಡ್ಡ ಜ್ವರ ಬಂದು, ಆಸ್ಪತ್ರೆಯಿಂದ ಸೀದಾ ಮನೆಗೆ ಬಂದಿದ್ದರು. ಜ್ವರ ಬಿಟ್ಟಿತ್ತು. ಹೋಗುವಾಗ ಮೂಗನ್ನು ಕೊಂಡುಹೋಗಿತ್ತು.

ಖಾತ್ರಿಯಾದದ್ದು ಸೀಮೆಎಣ್ಣೆಯಿಂದ. ಒಂದು ಬೆಳಿಗ್ಗೆ ಸ್ಟೌವಿಗೆ ಎಣ್ಣೆ ತುಂಬಿಸುವಾಗ ಕೈಗೆಲ್ಲ ಚೆಲ್ಲಿತು. ಪಕ್ಕದ ಸೌದೆ ಒಲೆಯಲ್ಲಿ ಹಾಲು ಉಕ್ಕುತ್ತಿತ್ತು, ಕೈ ತೊಳೆಯಲು ಪುರುಸೊತ್ತಾಗಲಿಲ್ಲ. ಹಾಗೇ ಲೋಟ ಹಿಡಿದು ಕಾಫಿ ಕೊಟ್ಟೆ. ಲೋಟದ ಅಂಚಿನಿಂದ ಬರುವ ವಾಸನೆಗೆ ನಾನೇ ಮುಖ ತಿರುಗಿಸಿದೆ. ಅವರು ಒಂದೊಂದೇ ಗುಟುಕು ಕುಡಿದು ಮುಗಿಸಿ, "ಕಾಫಿ ಲಾಯ್ಕಾಯ್ತ್" ಎಂದರು.

ನಾನು ಲೋಟ ತೆಗೆದುಕೊಳ್ಳದೆ ನಿಂತೇ ಇದ್ದೆ. ಅವರು ನನ್ನ ಕೈ ನೋಡಿದರು, ಅದರ ಮೇಲಿನ ಎಣ್ಣೆಯ ಮಿಂಚು ನೋಡಿದರು.

"ಗೊತ್ತಾಯ್ತಾ ನಿಂಗೆ?"

"ಹ್ಞೂಂ."

"ಅಮ್ಮನ ಹತ್ರ ಹೇಳ್ಬೇಡ."

ಅತ್ತೆಗೆ ಹೇಳದೆ ಇರುವುದು ದೊಡ್ಡ ಕೆಲಸವಾಗಿರಲಿಲ್ಲ. ದೊಡ್ಡ ಕೆಲಸವಾದದ್ದು ಆಮೇಲಿನ ಪರೀಕ್ಷೆಗಳು. ಇವರ ಉದ್ಯೋಗವೇ ಮೂಗಿನ ಮೇಲೆ ನಿಂತಿತ್ತು. ಹಡಗಿನಲ್ಲಿ ವೈನ್ ಬಾಟಲಿ ಬಿಚ್ಚಿದ ಮೇಲೆ ಕ್ಯಾಪ್ಟನ್ನಿನ ಗ್ಲಾಸಿಗೆ ಸುರಿಯುವ ಮೊದಲು ಬಟ್ಲರ್ ಮೂಸಿ, ಒಂದು ಹನಿ ನಾಲಿಗೆಗೆ ಹಾಕಿ, ಹಾಳಾಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಐಸ್ ಪೆಟ್ಟಿಗೆಯ ಮಾಂಸ, ಬೆಣ್ಣೆ, ಯಾವುದೋ ಬಂದರಿನಲ್ಲಿ ಹತ್ತಿಸಿಕೊಂಡ ಮೀನು, ಎಲ್ಲದಕ್ಕೂ ಇವರ ಮೂಗೇ ಸಾಕ್ಷಿ. ಒಂದು ಸಲ ತಪ್ಪಿದರೆ ಸಾಕು, ಇಡೀ ಹಡಗು ಹೊಟ್ಟೆ ಹಿಡಿದುಕೊಂಡು ಮಲಗುತ್ತದೆ. ಸಂಕ್ರಾಂತಿ ಕಳೆದ ಮೇಲೆ ಬೊಂಬಾಯಿಗೆ ಹೋಗಿ ಮತ್ತೆ ಹಡಗು ಹತ್ತಬೇಕಿತ್ತು. ಅಷ್ಟರೊಳಗೆ ವಾಸನೆ ಬಂದರೆ ಬಂತು, ಇಲ್ಲದಿದ್ದರೆ ಆ ಬಿಳಿ ಕೋಟು ಬೇರೆ ಯಾರಿಗೋ.

ಹಾಗಾಗಿ ಬೆಳಿಗ್ಗೆ ಇಂಗು, ಮಧ್ಯಾಹ್ನ ಒಣಮೀನು, ಸಂಜೆ ನನ್ನ ಮುಡಿಯ ಮಲ್ಲಿಗೆ. ಕಣ್ಣು ಮುಚ್ಚಿಕೊಂಡು ಕೂರುವರು, ನಾನು ಏನಾದರೂ ಮೂಗಿನ ಬಳಿ ಹಿಡಿಯಬೇಕು. "ಎಂತ ಹೇಳ್?" ಎಂದು ಅವರೇ ನನ್ನನ್ನು ಕೇಳುವರು. "ನೀವ್ ಹೇಳ್ಕ್" ಎಂದರೆ ಕಣ್ಣು ತೆರೆದು ನನ್ನ ಕೈ ನೋಡುವರು. ಅಡುಗೆಯಲ್ಲೂ ಅದೇ. ಹುಳಿ ಸಾಲದೇನೋ, ಮತ್ತೊಮ್ಮೆ ಮಾಡು. ಬೆಳ್ಳುಳ್ಳಿ ಜಾಸ್ತಿ ಹಾಕಿ ನೋಡು. ಉಪ್ಪು, ಹುಳಿ, ಖಾರ, ಸಿಹಿ ನಾಲಿಗೆಗೆ ತಿಳಿಯುತ್ತಿತ್ತು. ಅದರಿಂದಾಚೆ ಯಾವುದೂ ಇಲ್ಲ. ಆಗ ಮಕ್ಕಳು ಬ್ರಹ್ಮಾವರದ ನನ್ನ ತವರಿನಲ್ಲಿದ್ದು ಶಾಲೆಗೆ ಹೋಗುತ್ತಿದ್ದುದೇ ಪುಣ್ಯ. ನನಗೆ ಸಾಕಾಗಿತ್ತು. ಸಾಕಾಗಿದೆ ಎಂದು ಹೇಳುವುದಕ್ಕೂ ಸಾಕಾಗಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಬೆನ್ನು ನೆಟ್ಟಗಿಟ್ಟು ಕೂರಲು, ದನಿ ಎತ್ತದೆ ಮಾತಾಡಲು ಕಲಿಸಿದ್ದರು. ದನಿ ಎತ್ತದೆ ದಣಿಯುವುದು ನಾನೇ ಕಲಿತದ್ದು.

ಒಂದು ದಿನ ಇವರು, "ಆ ಸ್ಪೇನಿನ ಬಾಟ್ಲಿ ತೆಗುವ" ಎಂದರು.

ಆ ಬಾಟಲಿಯ ಸಂಗತಿ ಹೇಳಬೇಕು. ನಮ್ಮ ಮದುವೆಯಾದ ಮರುವರ್ಷ, ಐವತ್ತೇಳರಲ್ಲಿ ಇರಬೇಕು, ಇವರು ಸ್ಪೇನಿನ ಬಿಲ್ಬಾವೊ ಬಂದರಿನಿಂದ ತಂದದ್ದು. ಅಲ್ಲಿಂದ ಸ್ವಲ್ಪ ಒಳನಾಡಿನಲ್ಲಿ ರಿಯೋಹಾ ಎಂಬ ದ್ರಾಕ್ಷಿಯ ಸೀಮೆ ಇದೆಯಂತೆ, ಅಲ್ಲಿಯ ಕೆಂಪು ವೈನ್. ಬಾಟಲಿಯ ಮೈಗೆಲ್ಲ ಚಿನ್ನದ ಬಣ್ಣದ ಸಣ್ಣ ತಂತಿಯ ಬಲೆ ಹೆಣೆದಿತ್ತು. ಚೀಟಿಯ ಮೇಲೆ ಇದ್ದ ವರ್ಷ, ನಾನು ಕಾನ್ವೆಂಟಿನ ಒಂದನೇ ಕ್ಲಾಸಿಗೆ ಸೇರಿದ ವರ್ಷ. ನನ್ನ ಕೈಗೆ ಬರುವ ಮೊದಲೇ ಅದಕ್ಕೆ ಅಷ್ಟು ಪ್ರಾಯವಾಗಿತ್ತು. ಆಗ ನಮ್ಮ ಕಡೆ ಪಾನನಿರೋಧ ಇತ್ತು, ಬಾಟಲಿ ಯಾರ ಕಣ್ಣಿಗೂ ಬೀಳುವ ಹಾಗಿಲ್ಲ. ಅತ್ತೆ ಅದನ್ನು ಅಕ್ಕಿ ಮುಡಿಯೊಳಗೆ ಇಟ್ಟರು. ಮುಡಿ ಎಂದರೆ ಭತ್ತದ ಹುಲ್ಲಿನಿಂದ ಚೆಂಡಿನ ಹಾಗೆ ಬಿಗಿದು ಕಟ್ಟಿದ ಅಕ್ಕಿಯ ಮೂಟೆ. ಅಟ್ಟದ ಮೇಲೆ, ಕತ್ತಲಲ್ಲಿ, ಹುಲ್ಲಿನ ತಂಪಿನಲ್ಲಿ, ಸುತ್ತ ಅಕ್ಕಿ. ವರ್ಷಕ್ಕೊಮ್ಮೆ ಹೊಸ ಮುಡಿ ಕಟ್ಟುವಾಗ ಹಳೆಯದರಿಂದ ತೆಗೆದು ಹೊಸದಕ್ಕೆ ಇಡುವರು. ಆ ಮುಡಿಗೆ ಮಾತ್ರ ಅರಿಶಿನದ ಗುರುತು, ಯಾರೂ ಮರೆತು ಬಿಚ್ಚಬಾರದು ಎಂದು. "ಮಗನ ಅರಿಷ್ಟ" ಎನ್ನುವರು, ಪಂಡಿತರು ಕೊಡುವ ದ್ರಾಕ್ಷಾರಿಷ್ಟದ ಹಾಗೆ ಎಂದು. ಅದು ಔಷಧಿಯಲ್ಲ ಎಂದು ನಾನು ಎಷ್ಟೋ ಸಲ ಹೇಳಿದ್ದೆ. "ದ್ರಾಕ್ಷಿದ್ ಅಲ್ದಾ? ಹಳತ್ ಅಲ್ದಾ? ಮತ್ತೆ ಅರಿಷ್ಟ ಅಲ್ದೇ ಎಂತ?" ಎಂದು ನನ್ನ ಬಾಯಿ ಮುಚ್ಚಿಸಿದ್ದರು.

"ಈಗ ಎಂತಕ್ ತೆಗುದ್? ಒಳ್ಳೆ ದಿನ ಬರ್ಲಿ ಅಂದಿದ್ರಿ ಅಲ್ದಾ?" ಎಂದು ನಾನು ಇವರನ್ನು ಕೇಳಿದೆ.

ಅವರು ಅಡುಗೆಮನೆಯ ಬಾಗಿಲಿಗೆ ಒರಗಿ ಸಣ್ಣ ದನಿಯಲ್ಲಿ ವಿವರಿಸಿದರು. ಮನೆಯ ಊಟ ಹುಟ್ಟಿದಾಗಿನಿಂದ ತಿಂದದ್ದು. ಒಮ್ಮೊಮ್ಮೆ ಸಾರಿನ ಪರಿಮಳ ಬಂದ ಹಾಗೆ ಅನಿಸುತ್ತದೆ, ಅದು ಮೂಗಿಗೆ ಬಂದದ್ದೋ ನೆನಪಿಗೆ ಬಂದದ್ದೋ ತಿಳಿಯುವುದಿಲ್ಲ. ವೈನಿನಲ್ಲಿ ಆ ಮೋಸ ಇಲ್ಲ. "ಅದ್ರಾಗೆ ಇಪ್ದೇ ವಾಸ್ನಿ. ಅದ್ ತೆಗ್ದ್ರೆ ಬರೀ ಹುಳಿ ನೀರ್. ಅದ್ ಗೊತ್ತಾದ್ರೆ ನಾನ್ ಮಂಗ್ಳವಾರದ್ ಬಸ್ ಹತ್ತಿ ಬೊಂಬಾಯಿಗೆ ಹೋತೆ."

ಗೊತ್ತಾಗದಿದ್ದರೆ ಏನು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವರೇ ಅಟ್ಟ ಹತ್ತಿ ಮುಡಿ ಇಳಿಸಿದರು. ಅತ್ತೆ ಹುಲ್ಲಿನ ಹಗ್ಗ ಬಿಚ್ಚಿ, ಮೊಣಕೈವರೆಗೆ ಕೈ ತೂರಿಸಿ, ಬಾಟಲಿಯನ್ನು ಎತ್ತಿ ತೆಗೆದರು. ತಂತಿಯ ಕಣ್ಣುಕಣ್ಣಿನಲ್ಲೂ ಅಕ್ಕಿಯ ಬಿಳಿ ಹುಡಿ ಕೂತಿತ್ತು. ಸೆರಗಿನಿಂದ ಒರೆಸಿದರು. ನಾವು ಕೈ ಚಾಚುವ ಮೊದಲೇ ಬಾಟಲಿಯನ್ನು ತಲೆಕೆಳಗು ಮಾಡಿ, ಎರಡೂ ಕೈಯಿಂದ ಹಿಡಿದು, ಮೊಸರು ಕಡೆಯುವವರ ಹಾಗೆ ಕುಲುಕಿದರು.

"ಅಮ್ಮಾ, ಬೇಡ, ಬೇಡ" ಎಂದು ಇವರು ಕಸಿದುಕೊಂಡರು.

"ಎಂತಕ್ ಬೇಡ? ಮಡ್ಡಿ ಎಲ್ಲ ತಳದಾಗೆ ಕೂಕಂಡಿತ್ತ್. ಅರಿಷ್ಟ ಕುಲ್ಕದೇ ಕುಡುಕಾಗ. ಸತ್ವ ಇಪ್ದೇ ಮಡ್ಡಿಯಾಗೆ."

ಇವರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೊಳೆಯಲ್ಲಿ ದನ ಇಳಿದ ಹಾಗಿತ್ತು. ಬಾಟಲಿಯನ್ನು ದೇವರ ಕೋಣೆಯ ಮೂಲೆಯಲ್ಲಿ ನಿಲ್ಲಿಸಿ, ಮಡ್ಡಿ ಇಳಿಯುವ ತನಕ ಯಾರೂ ಮುಟ್ಟಬಾರದು ಎಂದರು. ಅತ್ತೆಗೆ ಸಿಟ್ಟು ಬಂತು. ಸಿಟ್ಟಿನಲ್ಲೇ, ತಾನು ಅದನ್ನು ಎಷ್ಟು ಜೋಪಾನವಾಗಿ ನೋಡಿಕೊಂಡೆ ಎಂದು ಹೇಳತೊಡಗಿದರು. ಒಂದು ಮಳೆಗಾಲ ಅಟ್ಟ ಸೋರಿ ಮುಡಿ ಒದ್ದೆಯಾದಾಗ ಅಕ್ಕಿಯನ್ನು ಬಿಸಿಲಿಗೆ ಹಾಕಿದ್ದು, ಬಾಟಲಿಯನ್ನೂ ಉಪ್ಪಿನಕಾಯಿ ಭರಣಿಗಳ ಸಾಲಿನಲ್ಲಿ ಬಿಸಿಲಿಗೆ ಇಟ್ಟದ್ದು, ಎಲ್ಲ.

"ಬಿಸಿಲಿಗೆ ಇಟ್ಟಿದ್ಯಾ?" ಇವರ ಮುಖ ಬಿಳುಚಿತು.

"ಬೂಸ್ರ್ ಬಪ್ಪುಕಾಗ ಅಲ್ದಾ?"

ಬಿಸಿಲಿಗೆ ಇಟ್ಟದ್ದು ನಿಜ, ಆದರೆ ನಾನು ಬಾವಿಕಟ್ಟೆಯಿಂದ ಬಂದು, ಬಿಸಿಲು ಏರುವ ಮೊದಲೇ ಒಳಗೆ ತಂದಿಟ್ಟಿದ್ದೆ. ಅದನ್ನು ಹೇಳಿದೆ ಕೂಡ. ಇವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಹೊರಡುವುದು ಮಂಗಳವಾರ ಎಂದು ಆಗಿತ್ತು. ಆದಿತ್ಯವಾರ ಮಧ್ಯಾಹ್ನ ಊಟ ಮುಗಿಸಿ ಬಾಟಲಿ ತೆಗೆದೆವು. ಮಡ್ಡಿ ತಳಕ್ಕೆ ಇಳಿದು ವೈನ್ ತಿಳಿಯಾಗಿತ್ತು. ನೆಂಟರಿಗೆ ಶರಬತ್ತು ಕೊಡುವ ಗಾಜಿನ ಲೋಟಗಳನ್ನು ನಾನು ಬಿಸಿನೀರಿನಲ್ಲಿ ತೊಳೆದು, ಒಣಬಟ್ಟೆಯಿಂದ ಒರೆಸಿ ಇಟ್ಟೆ. ಇವರು ಬಾಟಲಿಯ ಬಿರಡೆಗೆ ತಿರುಪನ್ನು ಇಳಿಸಿ ಎಳೆಯುವ ರೀತಿಯೇ ಬೇರೆ. ಭುಜ ಅಲುಗುವುದಿಲ್ಲ, ಮುಖ ಅಲುಗುವುದಿಲ್ಲ. ಹಡಗಿನಲ್ಲಿ ಅವರು ಹೇಗಿರುತ್ತಾರೆ ಎಂಬುದನ್ನು ನಾನು ಕಂಡದ್ದು ಅದೊಂದೇ ಸಲ. ಬಿರಡೆ ಅರ್ಧಕ್ಕೆ ಮುರಿಯಿತು. ಉಳಿದದ್ದನ್ನು ಚೂರು ಚೂರಾಗಿ, ಮಗುವಿನ ಕಿವಿಯಿಂದ ಏನೋ ತೆಗೆಯುವ ಹಾಗೆ ತೆಗೆದರು. ಬಾಟಲಿಯನ್ನು ಓರೆ ಮಾಡಿ, ಮಡ್ಡಿ ಏಳದಂತೆ ಎರಡು ಲೋಟಕ್ಕೆ ಸ್ವಲ್ಪ ಸ್ವಲ್ಪ ಸುರಿದರು.

ಬಣ್ಣ ನಾನು ಎಣಿಸಿದ ಕೆಂಪಲ್ಲ. ನಡುವೆ ಮಾತ್ರ ಕೆಂಪು. ಅಂಚಿಗೆ ಬರುತ್ತ ಬರುತ್ತ ಹಂಚಿನ ಬಣ್ಣ, ಮತ್ತೂ ಅಂಚಿನಲ್ಲಿ ಹಳೆಯ ಫೋಟೋದ ಬಣ್ಣ.

ಇವರು ಲೋಟವನ್ನು ಮೂಗಿಗೆ ತಂದರು. ಕಣ್ಣು ಮುಚ್ಚಿದರು. ಲೋಟ ತಿರುಗಿಸಿದರು, ಮತ್ತೆ ಮೂಸಿದರು. ಒಂದು ಗುಟುಕು ಬಾಯಿಗೆ ಹಾಕಿ, ಅದನ್ನು ಕೆನ್ನೆಯಿಂದ ಕೆನ್ನೆಗೆ ಹೊರಳಿಸಿ, ನಿಧಾನ ನುಂಗಿದರು. ಕತ್ತಿನ ನರ ಎದ್ದು ಕಾಣುತ್ತಿತ್ತು. ಅತ್ತೆ ಗೋಡೆಗೆ ಒರಗಿ ಕವಳ ಹಾಕುವುದನ್ನು ನಿಲ್ಲಿಸಿ ನೋಡುತ್ತಿದ್ದರು.

"ಸತ್ತ್ ಹೋಯ್ತ್" ಎಂದರು.

"ಎಂತ ಸತ್ತ್ ಹೋಯ್ತ್?" ಅತ್ತೆ.

"ವೈನ್. ಎಂತದೂ ಇಲ್ಲೆ ಇದ್ರಾಗೆ. ಬಿಸಿಲಿಗಿಟ್ಟ್ರೆ, ಕುಲ್ಕಿದ್ರೆ ಮತ್ತೆಂತ ಉಳಿತ್ತ್." ಅವರ ದನಿಯಲ್ಲಿ ಸಿಟ್ಟಿಗಿಂತ ಸಮಾಧಾನ ಹೆಚ್ಚಿತ್ತು. ಅದು ನನಗೆ ಹೆದರಿಕೆ ಹುಟ್ಟಿಸಿತು. ವೈನ್ ಸತ್ತಿದ್ದರೆ ಮೂಗು ಬದುಕಿರಬಹುದಲ್ಲ. ಮಂಗಳವಾರದ ಬಸ್ಸು ಹತ್ತಬಹುದಲ್ಲ.

ಅತ್ತೆ ಕೈಯಲ್ಲಿದ್ದ ವೀಳ್ಯದೆಲೆಯ ತೊಟ್ಟು ಮುರಿದರು, ಮತ್ತೆ ಮುರಿಯಲು ತೊಟ್ಟು ಇಲ್ಲದೆ ಎಲೆಯನ್ನೇ ಹರಿದರು.

"ನೀನ್ ಒಂದ್ಸಲ ಕುಡ್ದ್ ಹೇಳ್. ಸತ್ತಿತ್ತ್ ಅಲ್ದಾ?" ಎಂದು ಇವರು ನನ್ನ ಕಡೆ ಲೋಟ ಸರಿಸಿದರು.

ನಾನು ಅದುವರೆಗೆ ವೈನ್ ಕುಡಿದವಳಲ್ಲ. ವಾಸನೆ ಒಂದು ಗೊತ್ತಿತ್ತು. ಕಾನ್ವೆಂಟಿನಲ್ಲಿ ಶುಕ್ರವಾರ ಚಾಪೆಲ್ಲಿನ ಬೆಂಚು ಒರೆಸುವ ಪಾಳಿ ನಮ್ಮದು, ಪೂಜೆಯ ಸಾಮಾನಿನ ಕಪಾಟು ತೆರೆದಿದ್ದರೆ ಮೇಣ, ಹಳೆ ಮರ, ಹುಳಿದ್ರಾಕ್ಷಿ ಸೇರಿದ ಒಂದು ಗಾಳಿ ಬರುತ್ತಿತ್ತು. ಲೋಟವನ್ನು ಮೂಗಿಗೆ ತಂದಾಗ ಮೊದಲು ಬಂದದ್ದು ಅದೇ. ಆಮೇಲೆ ಬಾಯಿಗೆ ಹಾಕಿದೆ. ಹುಳಿ. ಎಳೆ ಅಡಿಕೆಯ ಒಗರು, ಆದರೆ ಮೆತ್ತಗೆ. ನುಂಗಿದ ಮೇಲೆ ಮುಗಿಯಲಿಲ್ಲ. ಗಂಟಲಿನಿಂದ ತಿರುಗಿ ಮೂಗಿಗೆ ಬಂತು. ಒಂದರ ಹಿಂದೆ ಒಂದು, ಕಪಾಟಿನ ಸೀರೆ ಮಡಿಕೆ ಬಿಚ್ಚಿದ ಹಾಗೆ.

ಹೌದು, ಸತ್ತಿದೆ ಎಂದರೆ ಆಗುತ್ತಿತ್ತು. ಅದು ನನ್ನ ತಲೆಗೆ ಬರಲಿಲ್ಲ ಎಂದಲ್ಲ. ಇವರ ಕಣ್ಣು ಅದನ್ನೇ ಬೇಡುತ್ತಿತ್ತು. ಆದರೆ ಗೋಡೆಗೆ ಒರಗಿ ಕೂತ ಮುದುಕಿ ಅಷ್ಟು ವರ್ಷ ಕಾದದ್ದನ್ನು ತಾನೇ ಕೊಂದೆ ಎಂದುಕೊಳ್ಳುತ್ತಿದ್ದರು. ಬೊಂಬಾಯಿಗೆ ಹೋಗಿ ಹಡಗು ಹತ್ತಿದ ಮೇಲೆ, ಇವರ ಮುಂದೆ ಯಾರೋ ಕೊಳೆತ ಮೀನು ಹಿಡಿದು ನಿಲ್ಲುವುದೂ ಕಣ್ಣಿಗೆ ಬಂತು. ಅದಕ್ಕಿಂತ ಹೆಚ್ಚಾಗಿ, ನನಗೆ ದಣಿವಾಗಿತ್ತು. ಒಂದು ಸುಳ್ಳು ಕಟ್ಟಿ, ಅದನ್ನು ದಿನವೂ ಒರೆಸಿ ಒಪ್ಪ ಮಾಡಿ ಇಡುವ ತ್ರಾಣ ನನ್ನಲ್ಲಿ ಇರಲಿಲ್ಲ.

"ಸಾಯ್ಲಿಲ್ಲೆ" ಎಂದೆ.

"ಎಂತ ಸಿಕ್ಕಿತ್ ನಿಂಗೆ? ಸುಮ್ನೆ ಹೇಳ್ಬೇಡ."

"ಸಾರಿಗೆ ಹುಳಿ ಹಾಕುಕೆ ಒಣಗ್ಸಿದ್ ಮುರುಗ್ಲ್ ಸಿಪ್ಪೆ. ಹೊಗೆಸೊಪ್ಪ್, ಬಾಯಿಗೆ ಹಾಕುದಲ್ಲ, ಎಲೆ ಇರತ್ತಲೆ, ಅದ್. ಕಿತ್ಲೆ ಸಿಪ್ಪೆ. ಚಪ್ಪಲ್ ಅಂಗ್ಡಿ ಒಳ್ಗೆ ಹೊಕ್ಕಂಗೆ ಒಂದ್. ಮತ್ತೆ..." ನಾನು ಇನ್ನೊಂದು ಗುಟುಕು ಕುಡಿದೆ. ಅದು ಏನೆಂದು ಆಗಲೇ ಗೊತ್ತಿತ್ತು, ವೈನಿನಲ್ಲಿ ಇರಬಹುದೆಂದು ನಂಬಿಕೆಯಾಗಲಿಲ್ಲ ಅಷ್ಟೆ. "ನಗ್ಬೇಡಿ ನೀವ್. ಕೊಬ್ರಿ."

ಇವರು ನಗಲಿಲ್ಲ.

"ಎಂತ ಕೊಬ್ರಿ?"

"ಅಂಗ್ಳದಾಗೆ ಒಣಗುಕೆ ಹಾಕಿದ್ ಕೊಬ್ರಿ. ಸಂಜಿ ಗೋಣಿಗೆ ತುಂಬ್ಸುವಾಗ ಬತ್ತಲೆ, ಆ ವಾಸ್ನಿ."

ಅವರು ಲೋಟವನ್ನು ಕೆಳಗಿಟ್ಟರು. ತಂತಿಯ ಬಲೆಯ ಮೇಲೆ ಬೆರಳಾಡಿಸತೊಡಗಿದರು. ನಾನು ಏನೋ ತಪ್ಪು ಹೇಳಿದೆ ಎಂದು ತಿಳಿದು, "ನಂಗೆ ಸಮ ಗೊತ್ತಾತಿಲ್ಲೆ, ಇದ್ ಮೊದ್ಲನೇ ಸಲ" ಎಂದೆ.

"ಸಮಾ ಹೇಳ್ದೆ ನೀನ್" ಎಂದರು. "ಆ ಊರಾಗೆ ತೆಂಗಿನ್ ಮರ್ವೇ ಇಲ್ಲೆ ಮಾರಾಯ್ತಿ. ಎಲುಬು ಕೊರೂ ಚಳಿ. ಬಂದರ್ ಹತ್ರ ಅಂಗ್ಡಿಯವ ಒಂದ್ ಗ್ಲಾಸ್ ಕೊಟ್ಟ. ಮೂಗಿಗೆ ತಂದ್ರೆ ನಮ್ಮನಿ ಅಂಗ್ಳ. ಅವ್ನ ಹತ್ರ ಕೇಂಡೆ, ಇದೆಂತ ತೆಂಗಿನಕಾಯಿ ಹಾಕ್ತ್ರಾ ಅಂದೆ. ಅಮೆರಿಕದ ಮರದ ಪೀಪಾಯಿಯಾಗೆ ವರ್ಷಗಟ್ಲೆ ಇಡ್ತ್ರಂಬ್ರ್. ಆ ಮರದ್ ಗುಣ ಅದ್. ಅದ್ಕೇ ನಾನ್ ತಕಂಡ್ ಬಂದದ್. ನಿಂಗೆ ಯಾವತ್ತಾರೂ ಹೇಳಿದ್ನಾ?"

"ಇಲ್ಲೆ."

"ಅಮ್ಮಂಗೂ ಹೇಳಿದ್ದಿಲ್ಲೆ. ಮತ್ತೆ ನೀನ್ ಹ್ಯಾಂಗ್ ಹೇಳ್ದೆ? ಇದ್ರಾಗೆ ಇತ್ತ್, ಅದ್ಕೇ ಹೇಳ್ದೆ." ಅವರು ಮತ್ತೊಮ್ಮೆ ಲೋಟ ಎತ್ತಿ ಮೂಸಿದರು. ಈ ಸಲ ಕಣ್ಣು ಮುಚ್ಚಲಿಲ್ಲ. "ನಂಗೆ ಬರೀ ಹುಳಿ ನೀರ್."

ಅತ್ತೆಗೆ ಏನೂ ಅರ್ಥವಾಗಿರಲಿಲ್ಲ. ನನ್ನ ಮುಖ, ಮಗನ ಮುಖ ನೋಡುತ್ತ, "ಹಂಗಾರೆ ಹಾಳಾಯ್ಲಿಲ್ಲೆ ಅಂದ್ಹಂಗೆ ಆಯ್ತಾ?" ಎಂದು ಕೇಳಿದರು.

"ಹಾಳಾಯ್ಲಿಲ್ಲೆ ಅಮ್ಮ. ನೀನ್ ಲಾಯ್ಕ್ ಮಾಡಿ ಇಟ್ಟಿದ್ದೆ." ಇವರು ತಾಯಿಯ ಪಕ್ಕಕ್ಕೆ ಹೋಗಿ ನೆಲದ ಮೇಲೇ ಕೂತರು. "ಹಾಳಾದ್ದ್ ನನ್ನ್ ಮೂಗ್. ಜ್ವರ ಬಂದ್ ಮೇಲೆ ವಾಸ್ನಿ ಗೊತ್ತಾತಿಲ್ಲೆ ನಂಗೆ. ಮಂಗ್ಳವಾರ ನಾನ್ ಹೋತಿಲ್ಲೆ."

ನಾನು ಕಣ್ಣು ತಗ್ಗಿಸಿ ಸೆರಗಿನ ನೂಲು ಎಳೆಯುತ್ತಿದ್ದೆ. ಅತ್ತೆ ಅಳುತ್ತಾರೆ ಎಂದುಕೊಂಡೆ. ಅವರು ಅಳಲಿಲ್ಲ. ಮಗನ ಗದ್ದ ಹಿಡಿದು, ಮುಖವನ್ನು ಬಾಗಿಲಿನ ಬೆಳಕಿಗೆ ತಿರುಗಿಸಿ, ಮೂಗಿನ ಹೊಳ್ಳೆ ನೋಡಿದರು.

"ಮೂಗ್ ಒಂದೇ ಅಲ್ದಾ?"

"ಹ್ಞೂಂ."

"ಎದೆ ಅಲ್ಲ ಅಲ್ದಾ? ಕೆಮ್ಮಿಗೆ ರಕ್ತ ಎಂತ ಇಲ್ಲೆ ಅಲ್ದಾ?"

"ಇಲ್ಲೆ ಅಮ್ಮ. ಮೂಗ್ ಮಾತ್ರ."

"ನಾನ್ ಕ್ಷಯ ಅಂತ ಮಾಡ್ಕಂಡಿದ್ದೆ" ಎಂದರು ಅತ್ತೆ. "ನೀವಿಬ್ರೂ ಅಡ್ಗಿ ಬಾಗ್ಲಾಗೆ ಗುಸುಗುಸು ಮಾತಾಡುದ್ ಕಂಡ್, ದಿನಾ ದೇವ್ರಿಗೆ ಎಂತೆಂತ ಹರ್ಕಿ ಹೇಳ್ಕಂಡಿದ್ದೆ ನಾನ್. ಹಟ್ಟಿಯಂಗಡಿ ಗಣಪತಿಗೆ ಬ್ಯಾರೆ ಹೇಳ್ಕಂಡಿದ್ದೆ. ಇದ್ ಬರೀ ಮೂಗಾ? ನಿಮ್ಮಜ್ಜನಿಗೆ ಕಿವಿಯೇ ಇರ್ಲಿಲ್ಲೆ, ಎಂಬತ್ತ್ ವರ್ಷ ಬದ್ಕ್ಲಿಲ್ಯಾ?" ಆಮೇಲೆ ನನ್ನ ಕಡೆ ತಿರುಗಿ, "ಹೆಣೆ, ನಂಗೊಂದ್ ಚೂರ್ ಕೊಡ್. ಮಡ್ಡಿ ಇಪ್ದ್ ಕೊಡ್. ಸ್ವಲ್ಪ ಬೆಲ್ಲ ಹಾಕ್" ಎಂದರು.

ಬೆಲ್ಲ ಹಾಕಬೇಡ ಎಂದು ಇವರು ಹೇಳಲಿಲ್ಲ. ನಾನು ಬಾಟಲಿಯ ತಳದ್ದನ್ನು ಒಂದು ಕುಡಿಕೆಗೆ ಸುರಿದು, ಬೆಲ್ಲ ಕದಡಿ ಕೊಟ್ಟೆ. ಅತ್ತೆ ಒಂದೇ ಗುಟುಕಿಗೆ ಎತ್ತಿ, ಮುಖ ಸಿಂಡರಿಸಿ, "ಬಾಣಂತಿಯರಿಗೆ ಒಳ್ಳೇದ್" ಎಂದು ತೀರ್ಪು ಕೊಟ್ಟರು.

ಸಂಜೆಯ ತನಕ ನಾವು ಹಾಗೇ ಕೂತಿದ್ದೆವು. ಇವರು ತಮ್ಮ ಲೋಟದ್ದನ್ನೂ ನನ್ನ ಲೋಟಕ್ಕೆ ಸುರಿದರು. ಗಾಳಿ ತಾಗುತ್ತ ತಾಗುತ್ತ ಅದು ಬದಲಾಗುತ್ತದೆ, ಸ್ವಲ್ಪ ಸ್ವಲ್ಪ ಕುಡಿ, ಕುಡಿದದ್ದು ಹೇಳು ಎಂದರು. ನಾನು ಹೇಳಿದೆ. ಮುರುಗಲು ಹೋಗಿ ಜೇನಿನ ಮೇಣ ಬಂತು. ಹೊಗೆಸೊಪ್ಪು ಹೋಗಿ, ಮೊದಲ ಮಳೆಗೆ ಮುಂಚಿನ ಸೌದೆ ಕೊಟ್ಟಿಗೆ ಬಂತು. ಕೊಬ್ಬರಿ ಮಾತ್ರ ಹೋಗಲಿಲ್ಲ. ಕೊನೆಕೊನೆಗೆ ಅದೊಂದೇ ಉಳಿಯಿತು, ತೆಳ್ಳಗೆ. ನನ್ನ ತಲೆ ಹಗುರವಾಗಿತ್ತು, ಬೆನ್ನು ನೋಯುತ್ತಿತ್ತು, ಮಧ್ಯಾಹ್ನದ ಪಾತ್ರೆ ಹಾಗೇ ಬಿದ್ದಿತ್ತು. ಅವರು ಗಲ್ಲಕ್ಕೆ ಕೈ ಕೊಟ್ಟು, ಮಕ್ಕಳು ಕತೆ ಕೇಳುವ ಹಾಗೆ ಕೇಳುತ್ತಿದ್ದರು. ಮುಂದೆ ಏನು ಮಾಡುವುದು ಎಂಬ ಮಾತು ಆ ಹೊತ್ತಿಗೆ ಯಾರ ಬಾಯಿಂದಲೂ ಬರಲಿಲ್ಲ. ಸಿದ್ದಾಪುರದಲ್ಲಿ ಅವರ ದಾಯಾದಿಯೊಬ್ಬರ ಬಟ್ಟೆ ಅಂಗಡಿ ಇತ್ತು, ಅಲ್ಲಿಗೆ ಹೋಗಿ ಕೂತದ್ದು ಮತ್ತೆ ಎಷ್ಟೋ ತಿಂಗಳ ಮೇಲೆ.

ದೀಪ ಹಚ್ಚುವ ಹೊತ್ತಿಗೆ ಒಲೆಯ ಮೇಲೆ ಗಂಜಿ ಇಟ್ಟು ಬಂದು ಮತ್ತೆ ಕೂತೆ. ಕೂತಲ್ಲಿಂದ ಏಳಲಾಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಇವರು ನನ್ನ ಮುಖವನ್ನೇ ನೋಡುತ್ತಿರುವುದು ಕಂಡೆ. ನನ್ನ ಮೂಗು ಸಣ್ಣಗೆ ಮುದುಡಿತ್ತು ಎಂದು ತೋರುತ್ತದೆ.

"ಎಂತ, ಸೀದ್ ಹೋಯ್ತಾ?" ಎಂದು ಕೇಳಿದರು.

"ಹೌದ್" ಎಂದೆ. "ಗಂಜಿ."

"ನೀನ್ ಕೂಕೋ" ಎಂದು ಅವರೇ ಎದ್ದು ಒಳಗೆ ಹೋಗಿ ಪಾತ್ರೆ ಇಳಿಸಿದರು.